ಮೇಡಂ ಕನಾದ್

ನಾನು ಹೇಳುವುದನ್ನು ನೀವು ನಂಬುವುದಿಲ್ಲ. ನಮ್ಮ ಮನೆಯಲ್ಲೇ ಯಾರೂ ನಂಬಲಿಲ್ಲ, ಇನ್ನು ನೀವು ಯಾವ ಲೆಕ್ಕ. ಆದರೂ ಹೇಳಿಬಿಡುತ್ತೇನೆ. ನಮ್ಮ ಎದುರು ಮನೆಯ ಆಂಟಿ ಪಾಯಸದ ಚಮಚ ಎಸೆದು ಸಮುದ್ರದಿಂದ ಅಂಜಲ್ ಮೀನು ಹಿಡಿಯುತ್ತಿದ್ದರು. ಸಿಗಡಿ ಇಲ್ಲ, ಎರೆಹುಳ ಇಲ್ಲ, ಬರೀ ಚಮಚ. ಆ ಚಮಚ ನಮ್ಮದು.

ಮೊನ್ನೆ ಹನ್ನೆರಡನೇ ಕ್ಲಾಸಿನ ಪರೀಕ್ಷೆಗೆ ಕೈವಾರ ಹುಡುಕುವಾಗ ಹಳೆಯ ಜಾಮೆಟ್ರಿ ಬಾಕ್ಸ್ ಕೈಗೆ ಸಿಕ್ಕಿತು. ಮುಚ್ಚಳ ತೆಗೆದದ್ದೇ ತಡ, ಒಂದು ವಾಸನೆ... ತುಕ್ಕು, ಉಪ್ಪು, ಒಣಮೀನಿನ ಡಬ್ಬಿಯ ತಳದಲ್ಲಿ ಉಳಿದಿರುತ್ತದಲ್ಲ, ಅಂಥದ್ದು. ಒಳಗೆ ಹಿಡಿ ಇಲ್ಲದ ಚಮಚ. ಎರಡು ತುದಿಯಲ್ಲಿ ಎರಡು ತೂತು, ಒಂದು ತೂತಿನಲ್ಲಿ ಮೂರು ಮುಳ್ಳಿನ ಗಾಳ. ಹಿಡಿ ಕತ್ತರಿಸಿದ ಜಾಗದಲ್ಲಿ ದ್ರಾಕ್ಷಿ ಎಲೆಯೊಂದು ಅರ್ಧ ಉಳಿದುಕೊಂಡಿತ್ತು.

ಇದು ನಾಲ್ಕು ವರ್ಷ ಹಿಂದಿನ ಮಾತು. ನನಗಾಗ ಹದಿಮೂರು. ದೋಹಾದ ಅಲ್ ಹಿಲಾಲಿನಲ್ಲಿ ಮೂರು ಮಹಡಿಯ ಬಿಲ್ಡಿಂಗ್, ಆರು ಫ್ಲ್ಯಾಟು, ಆರರಲ್ಲೂ ನಮ್ಮ ಕಡೆಯವರೇ. ಒಂದು ಅಡುಗೆಮನೆಯಲ್ಲಿ ಮೆಣಸು ಹುರಿದರೆ ಆರು ಮನೆಯವರೂ ಸೀನುತ್ತಿದ್ದರು. ಅಂಥ ಬಿಲ್ಡಿಂಗಿನಲ್ಲಿ ಒಬ್ಬರು ಏನು ಮಾಡುತ್ತಾರೆಂದು ಉಳಿದ ಐದು ಮನೆಗೆ ತಿಳಿಯದೆ ಹೋದರೆ ಅದನ್ನು ಗುಟ್ಟು ಅನ್ನುವುದಿಲ್ಲ, ಅಪರಾಧ ಅನ್ನುತ್ತಾರೆ.

ಆಂಟಿ ಆಸ್ಪತ್ರೆಯಲ್ಲಿ ನರ್ಸ್. ಗಂಡನಿಗೆ ಸಮುದ್ರದ ನಡುವಿನ ಎಣ್ಣೆ ಬಾವಿಯಲ್ಲಿ ಕೆಲಸ. ನಾಲ್ಕು ವಾರ ಅಲ್ಲಿ, ನಾಲ್ಕು ವಾರ ಇಲ್ಲಿ. ಮಕ್ಕಳಿರಲಿಲ್ಲ. ಸೊಂಟದಲ್ಲಿ ಪೇಜರ್ ಇತ್ತು. ಅದು ಮೆಟ್ಟಿಲಲ್ಲಿ ಕುಂಯ್ ಅಂದರೆ ಸಾಕು, ಐದು ಬಾಗಿಲ ಹಿಂದೆ ಹತ್ತು ಕಿವಿ ನೆಟ್ಟಗಾಗುತ್ತಿದ್ದವು. ಗಂಡ ಇಲ್ಲದ ವಾರಗಳಲ್ಲಿ ಶುಕ್ರವಾರ ಸೂರ್ಯ ಹುಟ್ಟುವ ಮೊದಲು ಆಂಟಿ ಉದ್ದನೆಯ ಕಪ್ಪು ಚೀಲವೊಂದನ್ನು ಹೆಗಲಿಗೆ ಹಾಕಿ ಇಳಿಯುತ್ತಿದ್ದರು. ತಾವೇ ಕಾರು ಓಡಿಸಿಕೊಂಡು ಹೋದರೆ ಒಂಬತ್ತು ಗಂಟೆಗೆ ವಾಪಸು, ಪ್ಯಾಂಟು ಮೊಣಕಾಲವರೆಗೆ ಒದ್ದೆ.

"ಗಂಡ ಸಮುದ್ರದಲ್ಲಿ. ಹೆಂಡತಿ ಎಲ್ಲಿ?" ಎಂದು ಕೆಳಗಿನ ಮನೆ ಆಂಟಿ ಕೇಳಿದರು. ಅವರು ಕೇಳುವ ಪ್ರಶ್ನೆಗಳಿಗೆ ಉತ್ತರ ಬೇಕಿರಲಿಲ್ಲ, ಜನ ಸಾಕಿತ್ತು.

ನನ್ನ ಅಮ್ಮ ಇಂಥ ಮಾತಿಗೆ ಸೇರುವವಳಲ್ಲ. ಬಾಗಿಲಿನ ತೂತಿಗೆ ಕಣ್ಣಿಟ್ಟು ನಿಲ್ಲುತ್ತಿದ್ದಳು, ಅಷ್ಟೆ. ನಿಂತು ನಿಂತು ಹುಬ್ಬಿನ ಮೇಲೆ ದುಂಡಗೆ ಅಚ್ಚು ಬಿದ್ದಿತ್ತು. ಸರಿ, ಬಿದ್ದಿರಲಿಲ್ಲ. ಬೀಳುವಷ್ಟು ಹೊತ್ತು ನಿಲ್ಲುತ್ತಿದ್ದಳು.

ಒಂದು ಗುರುವಾರ ಅಮ್ಮನೇ ನನ್ನನ್ನು ಕರೆದಳು. "ನಾಳೆ ಎಂತಾದರೂ ಹೇಳಿ ನೀನೂ ಅವರೊಟ್ಟಿಗೆ ಹೋಗು. ಅಲ್ಲಿ ಬಾಯಿ ಬಿಡ್ಬೇಡ, ಇಲ್ಲಿ ಬಂದು ಬಿಡು."

ಹೀಗೆ ನಾನು ಅಧಿಕೃತ ಪತ್ತೇದಾರಿಣಿಯಾದೆ. ಬೆಳಗ್ಗೆ ಬಾಗಿಲಲ್ಲೇ ನಿಂತು, ಶಾಲೆಯ ಪ್ರಾಜೆಕ್ಟಿಗೆ ಸಮುದ್ರದ ಚಿಪ್ಪು ಬೇಕು ಅಂದೆ. ಆಂಟಿ ನನ್ನನ್ನು ನೋಡಿದರು. ಆಮೇಲೆ ನನ್ನ ತಲೆಯ ಮೇಲಿಂದ ನಮ್ಮ ಬಾಗಿಲಿನ ತೂತನ್ನು ನೋಡಿದರು. ತೂತಿಗೇ ಕೇಳಿಸುವ ಹಾಗೆ, "ಬಾ, ಒಂಬತ್ತಕ್ಕೆ ತಂದು ಬಿಡ್ತೇನೆ" ಅಂದರು.

ಕಾರು ಅಲ್ ವಕ್ರಾಕ್ಕೆ ಹೋಯಿತು. ಮೀನುಗಾರರ ದೋಣಿಗಳು ನಿಲ್ಲುವ ಕಡೆ ಕಲ್ಲಿನ ದಂಡೆ. ಆಂಟಿ ಕಪ್ಪು ಚೀಲದ ಜಿಪ್ ಎಳೆದಾಗ ನಾನು ಕಾರಿನ ಹಿಂದೆ ಅಡಗಿದ್ದೆ, ಬಂದೂಕು ಬರುವುದು ಖಂಡಿತ ಅಂದುಕೊಂಡಿದ್ದೆ. ಬಂದದ್ದು ಗಾಳದ ಕೋಲು. ಜೊತೆಗೊಂದು ಡಬ್ಬಿ, ಅದರೊಳಗೆ ಸಾಲಾಗಿ ಮರದ ಮೀನುಗಳು. ಹಸಿರು ಬೆನ್ನು, ಬಿಳಿ ಹೊಟ್ಟೆ, ಬಣ್ಣ ಬಳಿದ ಕಣ್ಣು. ಎಲ್ಲ ಸುಳ್ಳು ಮೀನು, ನಿಜದ ಮೀನಿಗೆ ಮೋಸ ಮಾಡಲು ದಾರಕ್ಕೆ ಕಟ್ಟುವಂಥವು.

ಕಾಲು ಮುರಿದುಕೊಂಡು ಅವರ ವಾರ್ಡಿನಲ್ಲಿ ಎರಡು ತಿಂಗಳು ಮಲಗಿದ್ದ ಅಮೆರಿಕದ ಇಂಜಿನಿಯರ್ ಒಬ್ಬ ಊರಿಗೆ ಹೋಗುವಾಗ ಕೊಟ್ಟದ್ದಂತೆ. ಅವನೂರಿನಲ್ಲಿ ಕೆರೆಗಳೇ ಕೆರೆಗಳು, ಅದರಲ್ಲಿ ಬಾಸ್ ಎಂಬ ಮೀನಂತೆ. ನಮ್ಮಪ್ಪನ ಆಫೀಸಿನಲ್ಲಿ ಬಾಸ್ ಜನರನ್ನು ಹಿಡಿಯುತ್ತಿದ್ದ. ಅಲ್ಲಿ ಜನ ಬಾಸನ್ನು ಹಿಡಿಯುತ್ತಾರೆ. ಎಂಥ ಒಳ್ಳೆಯ ದೇಶ ಅಂದುಕೊಂಡೆ. ಅವನು ಮಂಚದಲ್ಲಿ ಮಲಗಿಕೊಂಡೇ ಆಂಟಿಗೆ ಎಸೆಯಲು ಕಲಿಸಿದ್ದ, ದಾರದ ತುದಿಗೆ ಇಂಜೆಕ್ಷನ್ ಬಾಟಲಿಯ ರಬ್ಬರ್ ಮುಚ್ಚಳ ಕಟ್ಟಿ, ವಾರ್ಡಿನ ಆ ತುದಿಯ ಕಸದ ಬುಟ್ಟಿಗೆ ಗುರಿ ಇಟ್ಟು. ಇದನ್ನು ನಾನು ಉಬ್ಬಿಸಿದ್ದಲ್ಲ, ಆಂಟಿಯೇ ಹೇಳಿದ್ದು.

"ಮೀನಿಗೆ ಸಂಶಯ ಬರಬಾರದು" ಎಂದು ಅವರು ದಾರ ಸುತ್ತುತ್ತ ಹೇಳಿದರು. "ಎಳೀಬೇಕು, ನಿಲ್ಲಿಸ್ಬೇಕು. ನಿಲ್ಲಿಸಿದಾಗಲೇ ಹಿಡಿಯುವುದು ಅದು."

ಹಿಡಿಯಿತು. ಆ ಅಂಜಲ್ ನನ್ನಷ್ಟೇ ಉದ್ದ ಇತ್ತು. ಸರಿ, ನನ್ನ ಕಾಲಿನಷ್ಟು. ಸರಿ, ಮೊಣಕಾಲವರೆಗಿನ ಕಾಲಿನಷ್ಟು, ಅದಕ್ಕಿಂತ ಕೆಳಗೆ ನಾನು ಇಳಿಯುವುದಿಲ್ಲ. ರೀಲು ಕಿರ್ರೆಂದಾಗ ಆಂಟಿ ಚಪ್ಪಲಿ ಬಿಟ್ಟು ನೀರಿಗಿಳಿದು ನಕ್ಕರು. ಮೆಟ್ಟಿಲಲ್ಲಿ ಅವರು ನಕ್ಕದ್ದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ.

ದಂಡೆಯ ಮೇಲೆ ಬಲೆ ಹೊಲಿಯುತ್ತ ಕೂರುವ ಅರಬ್ಬಿ ಅಜ್ಜನೊಬ್ಬನಿದ್ದ. ಆಂಟಿ ಅವನ ಮೊಣಕಾಲಿನ ನೋವಿಗೆ ಮುಲಾಮು ತಂದುಕೊಡುತ್ತಿದ್ದರು, ಮೀನನ್ನೂ ಅವನಿಗೇ ಕೊಟ್ಟುಬಿಡುತ್ತಿದ್ದರು. ಮನೆಗೆ ತಂದು ಹುರಿದರೆ ಐದು ಮನೆಗೆ ವಾಸನೆ ಹೋಗಿ ಐದು ಮನೆಯಿಂದ ಪ್ರಶ್ನೆ ಬರುತ್ತದಲ್ಲ. ಅಂಜಲಿಗೆ ಅಲ್ಲಿಯವರು ಕನಾದ್ ಅನ್ನುತ್ತಾರೆ. ಮೊದಲ ದಿನ ಅಜ್ಜ ಮೀನು ತೋರಿಸಿ "ಕನಾದ್?" ಅಂದಾಗ, ಆಂಟಿ ತಮ್ಮ ಭಾಷೆ ಕೇಳುತ್ತಿದ್ದಾನೆ ಅಂದುಕೊಂಡು, ಎದೆ ಮುಟ್ಟಿ "ಹೌದು, ಕನ್ನಡ, ಕನ್ನಡ" ಅಂದರಂತೆ. ಅಂದಿನಿಂದ ಅವನ ಬಾಯಲ್ಲಿ ಅವರು ಮದಾಮ್ ಕನಾದ್.

"ಇಲ್ಲಿ ಎರಡು ಗಂಟೆ ಯಾರೂ ನನ್ನನ್ನು ಸಿಸ್ಟರ್ ಅಂತ ಕರೆಯುವುದಿಲ್ಲ ನೋಡು" ಎಂದು ವಾಪಸು ಬರುವಾಗ ಹೇಳಿದರು. "ಮನೆಯಲ್ಲಿ ಕೇಳಿದ್ರೆ ಎಂತ ಹೇಳ್ತಿ?"

ವಾಕಿಂಗ್ ಅನ್ನುತ್ತೇನೆ ಅಂದೆ. ಮನೆಯಲ್ಲಿ ಹಾಗೇ ಅಂದೆನೂ. ಅಮ್ಮ ಅರ್ಧ ನಂಬಿ, ಉಳಿದರ್ಧಕ್ಕಾಗಿ ಮುಂದಿನ ಸಲವೂ ಕಳಿಸಿದಳು. ಅಮ್ಮನಿಂದ ಗೂಢಚಾರಿಕೆಗೆ ಒಂದು ಚಾಕಲೇಟು, ಆಂಟಿಯಿಂದ ಮೌನಕ್ಕೆ ಒಂದು. ಎರಡು ಕಡೆಯಿಂದ ತಿಂದು ನನ್ನ ಹಲ್ಲು ಹಾಳಾಯಿತು.

ವಕ್ರಾದ ಕಲ್ಲುಗಳು ಆ ಕೆರೆಯ ಸುಳ್ಳು ಮೀನುಗಳನ್ನು ಒಂದೊಂದಾಗಿ ನುಂಗಿದವು. ಗಾಳ ಕಲ್ಲಿಗೆ ಸಿಕ್ಕಿ ದಾರ ತುಂಡಾದರೆ ಮುಗಿಯಿತು. ಡಬ್ಬಿ ಖಾಲಿಯಾದ ದಿನ ಆಂಟಿ ಹೇಳಿದರು, ಚಮಚವೂ ಆಗುತ್ತದಂತೆ, ಹಿಡಿ ಕತ್ತರಿಸಿ ತೂತು ಕೊರೆದರೆ ನೀರಿನಲ್ಲಿ ಹೊಳೆಯುತ್ತ ಹೊರಳುತ್ತದಂತೆ, ಆದರೆ ತಮ್ಮ ಮನೆಯ ಚಮಚಗಳು ತಗಡಿನ ಹಾಗೆ ತೆಳು. ನಮ್ಮಲ್ಲಿ ದಪ್ಪನೆಯವು ಉಂಟು ಅಂದೆ. ಅವು ಅಮ್ಮನ ಮದುವೆಗೆ ಅಜ್ಜಿ ಕೊಟ್ಟವು, ಹಿಡಿಯ ಮೇಲೆ ದ್ರಾಕ್ಷಿ ಬಳ್ಳಿ, ಹಬ್ಬದ ಪಾಯಸಕ್ಕೆ ಬಿಟ್ಟರೆ ಹೊರಗೆ ಬರದವು. ಅದನ್ನು ನಾನು ಹೇಳಲಿಲ್ಲ. ಮೊದಲ ಎರಡನ್ನು ಕೊಡುವಾಗ, "ಅಮ್ಮನೇ ಕೊಟ್ಟದ್ದು, ಹಳತು, ಬೇಡವಂತೆ" ಅಂದೆ. ಆಂಟಿಗೆ ಎಷ್ಟು ಸಂತೋಷವಾಯಿತೆಂದರೆ, "ನಿನ್ನಮ್ಮನನ್ನು ನಾನು ಬೇರೆಯೇ ಅಂದುಕೊಂಡಿದ್ದೆ" ಅಂದರು. ಆಮೇಲೆ ಇನ್ನೆರಡು. ಮತ್ತೆ ಮೂರು.

ದೀಪಾವಳಿಯ ದಿನ ಅಮ್ಮ ಪಾಯಸಕ್ಕೆ ಚಮಚದ ಡಬ್ಬಿ ತೆಗೆದಳು. ಹನ್ನೆರಡರಲ್ಲಿ ಐದು ಉಳಿದಿದ್ದವು. ಆ ಹಬ್ಬದಲ್ಲಿ ನಾವು ಪಾಯಸವನ್ನು ಲೋಟದಲ್ಲಿ ಕುಡಿದೆವು.

ಎರಡು ದಿನ ಬಿಟ್ಟು ಕೆಳಗಿನ ಮನೆ ಆಂಟಿ ಮೇಲೆ ಬಂದರು. ಕೈಯಲ್ಲಿ ಪೇಪರ್ ಪೊಟ್ಟಣ, ಅದರಲ್ಲಿ ಕತ್ತರಿಸಿದ ಮೂರು ಚಮಚದ ಹಿಡಿ, ಮೇಲೆ ದ್ರಾಕ್ಷಿ ಬಳ್ಳಿ. ಎದುರು ಮನೆಯ ಕಸದ ಚೀಲ ಹರಿದು ಮೆಟ್ಟಿಲಲ್ಲಿ ಬಿದ್ದಿತ್ತಂತೆ. ಚೀಲ ಅದಾಗಿಯೇ ಹರಿಯಿತೋ ಎಂದು ನಾನು ಕೇಳಲಿಲ್ಲ.

ಅದೇ ವಾರ ಅರಬ್ಬಿ ಅಜ್ಜನೂ ಬಂದ. ಆಂಟಿಗೆ ಡ್ಯೂಟಿ ಬಿದ್ದು ಎರಡು ಶುಕ್ರವಾರ ಹೋಗಿರಲಿಲ್ಲ. ಮುಲಾಮಿನ ಋಣಕ್ಕೆ ಮೀನು ಕೊಡೋಣವೆಂದು, ಆಂಟಿ ಎಂದೋ ಹೇಳಿದ್ದ ಗುರುತಿನ ಮೇಲೆ ಹುಡುಕಿಕೊಂಡು ಬಂದಿರಬೇಕು. ಪಿಕಪ್ಪಿನ ಹಿಂದೆ ಗೋಣಿ ಮುಚ್ಚಿದ ಐಸ್ ಪೆಟ್ಟಿಗೆ ಇತ್ತು. ಅದರಲ್ಲಿ ಏನಿದೆಯೆಂದು ಬಿಲ್ಡಿಂಗಿನಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ. ಅವನು ಕೆಳಗೆ ನಿಂತು ಕತ್ತೆತ್ತಿ, "ವೇನ್ ಮದಾಮ್ ಕನಾದ್?", ಎಲ್ಲಿ ಮದಾಮ್ ಕನಾದ್, ಎಂದು ಕೂಗಿದ. ಆಂಟಿ ಡ್ಯೂಟಿಯಲ್ಲಿದ್ದರು, ಉಳಿದ ಐದೂ ಬಾಲ್ಕನಿ ತುಂಬಿದವು.

ಯಾರೋ ದೊಡ್ಡ ಮನುಷ್ಯ ಕನ್ನಡದವರ ಮೇಲೆ ದೂರು ತಂದಿದ್ದಾನೆಂದು ಎಲ್ಲರೂ ಹೆದರಿದರು. ಅಪ್ಪ ಲುಂಗಿ ಬಿಟ್ಟು ಪ್ಯಾಂಟು ಹಾಕಿಕೊಂಡು ಇಳಿದು ಕೈ ಜೋಡಿಸಿದರು. ಇಲ್ಲಿರುವವರೆಲ್ಲ ಮರ್ಯಾದಸ್ಥರು ಎಂದು ತಿಳಿಸಬೇಕಿತ್ತು ಅವರಿಗೆ.

"ಹಿಯರ್ ಆಲ್ ಕನ್ನಡ, ಸರ್. ಮೈ ವೈಫ್ ಕನ್ನಡ. ಮೈ ಡಾಟರ್, ಸ್ಮಾಲ್ ಕನ್ನಡ."

ಅಜ್ಜ ಮೂರು ಮಹಡಿಯನ್ನೂ ಮೇಲಿಂದ ಕೆಳಗೆ ನೋಡಿದ. "ಕುಲ್ಲು ಕನಾದ್?" ಎಲ್ಲರೂ ಅಂಜಲೇ? ಅಪ್ಪ ಹೆಮ್ಮೆಯಿಂದ ತಲೆಯಾಡಿಸಿದರು. ಅಜ್ಜ ಗಡ್ಡ ಕೆರೆದುಕೊಂಡು, ಅಪ್ಪನ ಭುಜ ತಟ್ಟಿ, ಗಾಡಿ ತಿರುಗಿಸಿ ಹೊರಟುಹೋದ. ನಾನು ಬಾಲ್ಕನಿಯಲ್ಲಿ ಹೊಟ್ಟೆ ಹಿಡಿದುಕೊಂಡು ಬಿದ್ದಿದ್ದೆ. ಅದು ಆ ವರ್ಷದ ನನ್ನ ಕೊನೆಯ ನಗು ಎಂದು ಗೊತ್ತಿರಲಿಲ್ಲ...

ಸಂಜೆ ನಮ್ಮ ಹಾಲ್‌ನಲ್ಲಿ ಹೆಂಗಸರ ಸಭೆ. ಅರಬ್ಬಿಯವನು ಹುಡುಕಿಕೊಂಡು ಬಂದದ್ದು ಯಾವ ಕನ್ನಡದ ಮೇಡಮ್ಮನ್ನು ಎಂದು ಕೆಳಗಿನ ಮನೆ ಆಂಟಿ ಕೇಳಿದರು. ಶುಕ್ರವಾರದ ಸವಾರಿ, ಪೇಜರ್, ಒದ್ದೆ ಪ್ಯಾಂಟು, ಕೊನೆಗೆ ಚಮಚ, ಎಲ್ಲವೂ ಒಂದೇ ದಾರದಲ್ಲಿ ಪೋಣಿಸಿದ ಹಾಗಾಯಿತು. ಗಂಡ ಬಂದ ಕೂಡಲೇ ಅವರಿಗೆ ತಿಳಿಸಬೇಕು ಎಂದಾಯಿತು. ಆಗ ನಾನು ಎದ್ದು ನಿಂತೆ. ಸತ್ಯ ಹೇಳಿದೆ. ಕನಾದ್ ಅಂದರೆ ಅಂಜಲ್, ಆಂಟಿ ಹಿಡಿಯುವುದು ಮೀನು, ಮೀನು ಚಮಚ ನುಂಗುತ್ತದೆ. ಆದರೆ ನನ್ನ ಬಾಯಿ ಸುಮ್ಮನಿರಬೇಕಲ್ಲ. ಮೀನನ್ನು ನನ್ನಷ್ಟು ಉದ್ದ ಮಾಡಿದೆ. ಆಮೇಲೆ ಅಪ್ಪನಷ್ಟು. ನಾನು ಚಾಚಿದ ಕೈ ನೋಡಿ ಎಲ್ಲರೂ ನಕ್ಕರು. ನಗು ಬಿದ್ದದ್ದೇ ನನಗೆ ಹುರುಪು ಬಂದು, ಇಂಜಿನಿಯರನ ಮುರಿದ ಕಾಲನ್ನು ಎರಡು ಮಾಡಿದೆ.

ಅಮ್ಮ ನಗಲಿಲ್ಲ. "ಸರಿ, ಚಮಚ ಅವರಿಗೆ ಯಾರು ಕೊಟ್ಟದ್ದು?"

ಆ ಒಂದು ಉತ್ತರ ಸಾಕಿತ್ತು, ಉಳಿದದ್ದೆಲ್ಲ ನಿಜ ಎಂದು ನಂಬಿಬಿಡುತ್ತಿದ್ದರು. ಹದಿಮೂರು ವರ್ಷ ಬಾಯಿಗೆ ಬಿಡುವು ಕೊಡದವಳು ನಾನು.

"ನನಗೆಂತ ಗೊತ್ತು" ಅಂದೆ.

ಗಂಡ ಬಂದರು. ಕೆಳಗಿನ ಮನೆಯ ಅಂಕಲ್ ಪಾರ್ಕಿಂಗ್‌ನಲ್ಲಿ ಅವರನ್ನು ನಿಲ್ಲಿಸಿಕೊಂಡು ಬಹಳ ಹೊತ್ತು ಮಾತಾಡಿದರು. ಎದುರು ಮನೆಯ ಒಳಗೆ ಏನಾಯಿತೋ ಗೊತ್ತಿಲ್ಲ, ಹೊರಗಿನಿಂದ ನೋಡಲು ಆ ತೂತು ಆಗುವುದಿಲ್ಲ. ಆಂಟಿ ಕೆಲಸಕ್ಕೆ ರಾಜೀನಾಮೆ ಕೊಟ್ಟರು. ಒಂದು ತಿಂಗಳಲ್ಲಿ ಸಾಮಾನು ಪೆಟ್ಟಿಗೆಯಾಯಿತು, ಊರಿಗೆ ಹೊರಟರು.

ಹೋಗುವ ದಿನ ನಮ್ಮ ಬಾಗಿಲಿಗೆ ಬಂದರು. ಅಮ್ಮನ ಕೈಗೆ ಹೊಸ ಡಬ್ಬಿ ಕೊಟ್ಟರು, ದಪ್ಪನೆಯ ಹನ್ನೆರಡು ಚಮಚ.

"ನಿಮ್ಮದು ನನ್ನಿಂದ ಹಾಳಾಯ್ತು ಅಕ್ಕ. ಇದು ಇಟ್ಕೊಳ್ಳಿ."

ಹೇಳುವಾಗ ಒಮ್ಮೆಯೂ ನನ್ನ ಕಡೆ ನೋಡಲಿಲ್ಲ. ಮೆಟ್ಟಿಲ ಕೆಳಗಿನಿಂದ ಕೆಳಗಿನ ಮನೆ ಆಂಟಿ, "ಒಪ್ಪಿಕೊಂಡಳು, ಕೇಳಿದ್ರಾ" ಎಂದದ್ದು ಎಲ್ಲರಿಗೂ ಕೇಳಿಸಿತು. ಎದುರು ಮನೆ ಆಂಟಿಗೂ ಕೇಳಿಸಿತು. ಮರುದಿನ ಶಾಲೆಯಲ್ಲಿ ಜಾಮೆಟ್ರಿ ಬಾಕ್ಸ್ ತೆರೆದರೆ ಕೊನೆಯ ಚಮಚ ಅದರಲ್ಲಿತ್ತು. ಯಾವಾಗ ಹಾಕಿದರೋ...

ಇಲ್ಲಿಯವರೆಗೆ ಬರೆದಿದ್ದೆ, ಅಮ್ಮ ಹಾಲಿನ ಲೋಟ ಹಿಡಿದು ಒಳಗೆ ಬಂದಳು. ಉಳಿದ ಸಾಲುಗಳನ್ನು ಮರುದಿನ ಸೇರಿಸುತ್ತಿದ್ದೇನೆ.

ಕಾಗದ ಹಾರದಿರಲೆಂದು ಚಮಚವನ್ನು ಅದರ ಮೇಲಿಟ್ಟಿದ್ದೆ. ಅಮ್ಮ ಲೋಟ ಕೆಳಗಿಟ್ಟು ಅದನ್ನು ಎತ್ತಿಕೊಂಡಳು. ಅರ್ಧ ಎಲೆಯ ಮೇಲೆ ಹೆಬ್ಬೆರಳು ಆಡಿಸಿದಳು.

"ಇದು ನಿನ್ನ ಹತ್ರ ಹೇಗೆ?"

ನನ್ನಲ್ಲಿ ನಾಲ್ಕೈದು ಉತ್ತರ ತಯಾರಿದ್ದವು, ಎಲ್ಲವೂ ಚೆನ್ನಾಗಿದ್ದವು.

"ನಾನೇ ಕೊಟ್ಟದ್ದಮ್ಮ. ಏಳೂ ನಾನೇ. ನೀನು ಕೊಟ್ಟದ್ದು ಅಂತ ಹೇಳಿದ್ದೆ ಅವರಿಗೆ."

ಅಮ್ಮ ಬೈಯಲಿಲ್ಲ. ಹೊರಗೆ ಹೋಗಿ ಕಪಾಟಿನ ಮೇಲಿನಿಂದ ಆಂಟಿ ಕೊಟ್ಟ ಡಬ್ಬಿ ತಂದು ನನ್ನ ಮಂಚದ ಮೇಲೆ ಕೂತಳು. ಮೇಲಿನ ಪ್ಲಾಸ್ಟಿಕ್ ಇನ್ನೂ ಬಿಚ್ಚಿರಲಿಲ್ಲ. ಕಳ್ಳಿ ಕೊಟ್ಟದ್ದೆಂದು ನಾಲ್ಕು ವರ್ಷ ಅದರಲ್ಲಿ ಯಾರಿಗೂ ಪಾಯಸ ಬಡಿಸಿರಲಿಲ್ಲ ಅವಳು.

"ಅವಳ ಊರು ಯಾವುದು ಅಂತ ಹೇಳಿದ್ಲಾ ನಿನಗೆ?"

"ಕುಂದಾಪುರದ ಆಚೆ ಎಲ್ಲೋ ಅಂದಿದ್ದರು. ಮನೆಯ ಹತ್ರ ಹೊಳೆ ಉಂಟು ಅಂತ."

"ಹೊಳೆ ಎಲ್ಲಾ ಕಡೆ ಉಂಟು" ಅಂದಳು ಅಮ್ಮ. ಆಮೇಲೆ ನನ್ನ ಕೈಯಿಂದ ಪೆನ್ನು ತೆಗೆದು, ಕ್ಯಾಪ್ ಹಾಕಿ, ಮೇಜಿನ ಮೇಲಿಟ್ಟಳು.

"ಸಾಕು ಬರೆದದ್ದು. ಹಾಲು ಕುಡಿ."