ಕಾಶಿ ಕೂಗದೆ ಬಿಟ್ಟ ಮನೆ

ಕೇಣಿಯ ಕಡಲ ದಂಡೆಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಈಗಷ್ಟೇ ದಡ ಹತ್ತಿದ ದೋಣಿಯ ಸುತ್ತ ಹೆಂಗಸರ ಗದ್ದಲ. ಬಲೆಯಿಂದ ಬಿಡಿಸಿ ಹಾಕಿದ ಬಂಗಡೆಯ ರಾಶಿಗೆ ಒಬ್ಬೊಬ್ಬರದು ಒಂದೊಂದು ದರ. ಆ ಗದ್ದಲದಲ್ಲಿ ಎಲ್ಲರನ್ನೂ ಮೀರಿಸಿ ಕೇಳುವ ದನಿ ಕಾಶಿ ಹರಿಕಂತ್ರ ಅವರದು. ಐವತ್ತು ದಾಟಿದ ಹೆಂಗಸು, ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಸೀರೆ, ಮುಡಿಯಲ್ಲಿ ನಿನ್ನೆಯ ಅಬ್ಬಲಿಗೆ. ಮೀನಿನ ಕಿವಿರು ಎತ್ತಿ ನೋಡಿ, ಎರಡನ್ನು ವಾಪಸು ಎಸೆದು, ಉಳಿದದ್ದನ್ನು ಬುಟ್ಟಿಗೆ ತುಂಬಿ, ತಲೆಯ ಮೇಲೆ ಸಿಂಬಿ ಇಟ್ಟು ಹೊರಟೇ ಬಿಡುತ್ತಾರೆ. ಇವತ್ತು ಭಾನುವಾರ, ಅಂಕೋಲೆಯ ಪೇಟೆಯಲ್ಲಿ ಅವರಿಗಾಗಿ ಜನ ಕಾಯುತ್ತಿದ್ದಾರೆ.

ಕಾಯುತ್ತಿರುವವರು ಕಾರವಾರದ ಕಾಲೇಜು ಹುಡುಗಿಯರು, ಹುಬ್ಬಳ್ಳಿಯಿಂದ ಬಂದ ಒಂದೆರಡು ಕುಟುಂಬ. ಸ್ವಾತಂತ್ರ್ಯ ಹೋರಾಟದ ಅಂಕೋಲೆಯನ್ನು ನಡೆದು ನೋಡುವ ಕಾರ್ಯಕ್ರಮ ಎಂದು ಕೇಳಿ ಬಂದವರು. ಕನ್ನಡಕ ಹಾಕಿದ ಯಾರೋ ಮೇಷ್ಟ್ರು ಬಂದು ಊರು ತೋರಿಸಿಯಾರು ಎಂದು ಎಲ್ಲರೂ ರಸ್ತೆ ನೋಡುತ್ತಿದ್ದಾರೆ. ಬುಟ್ಟಿ ಹೊತ್ತ ಮೀನುಗಾತಿ ಹತ್ತಿರ ಬಂದದ್ದು ಕಂಡು ದಾರಿ ಬಿಟ್ಟು ಪಕ್ಕಕ್ಕೆ ಸರಿಯುತ್ತಾರೆ.

"ಸರೀಬೇಡಿ ಮಾರಾಯ್ರೇ," ಎನ್ನುತ್ತಾರೆ ಕಾಶಿ. "ನೀವು ಕಾಯ್ತಾ ಇರೂದು ನನ್ನನ್ನೇ. ಹೋಗ್ವಾ?"

ಕಳೆದ ಎರಡು ವರ್ಷದಿಂದ, ಅಂದರೆ ೨೦೦೫ರ ದಸರಾ ರಜೆಯಿಂದ, ರಜೆಯ ದಿನಗಳಲ್ಲಿ ಈ ನಡಿಗೆ ನಡೆಯುತ್ತಿದೆ. ಕಾಶಿ ಅವರ ಶರತ್ತು ಒಂದೇ: ಬುಟ್ಟಿ ಜೊತೆಗಿರಬೇಕು. ಅವರು ತೋರಿಸುವ ಓಣಿ, ಅವರು ಮೀನು ಮಾರುವ ಓಣಿ, ಎರಡೂ ಒಂದೇ. ಒಂದು ಮನೆಯ ಮುಂದೆ ಬುಟ್ಟಿ ಇಳಿಯಿತೆಂದರೆ ಅಲ್ಲಿ ವ್ಯಾಪಾರವೂ ಉಂಟು, ಕಥೆಯೂ ಉಂಟು. ಮೊದಲ ಸಲ ಬುಟ್ಟಿ ಬಿಟ್ಟು, ಒಳ್ಳೆಯ ಸೀರೆ ಉಟ್ಟು ಬಂದಿದ್ದರಂತೆ. ಬಾಯಿಂದ ಒಂದು ಮಾತು ಹೊರಡಲಿಲ್ಲವಂತೆ. "ತಲೆ ಮೇಲೆ ಭಾರ ಇಲ್ದೇ ಹೋದ್ರೆ ನಂಗೆ ಎಂತದೂ ನೆನಪಾಗೂದಿಲ್ಲ," ಎಂದು ನಗುತ್ತಾರೆ.

ಹೀಗಾಗಿ ಇದು ನಮ್ಮ ಜಿಲ್ಲೆಯಲ್ಲಿ ಬೆಕ್ಕುಗಳೂ ತಪ್ಪದೆ ಹಾಜರಾಗುವ ಏಕೈಕ ಇತಿಹಾಸದ ಪಾಠ. ಹುಬ್ಬಳ್ಳಿಯವರು ಮೊದಲ ಓಣಿಯಲ್ಲಿ ಮೂಗಿಗೆ ಕರವಸ್ತ್ರ ಹಿಡಿಯುತ್ತಾರೆ. ಎರಡನೆಯ ಓಣಿಗೆ ಬರುವಷ್ಟರಲ್ಲಿ ಕರವಸ್ತ್ರ ಜೇಬಿಗೆ ಹೋಗಿರುತ್ತದೆ, ಏಕೆಂದರೆ ಎರಡೂ ಕೈ ಹೊಟ್ಟೆ ಹಿಡಿದು ನಗಲು ಬೇಕು.

ಅಲ್ಲೊಂದು ಮನೆಯ ಬಾವಿ. ಕರನಿರಾಕರಣೆಯ ಕಾಲದಲ್ಲಿ ತೆರಿಗೆ ಕೊಡದವರ ಮನೆಯ ಪಾತ್ರೆ ಪಡಗವನ್ನೂ ಜಪ್ತಿ ಮಾಡಲು ಪೊಲೀಸರು ಬರುತ್ತಿದ್ದರು. ಆ ಮನೆಯ ಹೆಂಗಸು ಬಚ್ಚಲಿನ ತಾಮ್ರದ ಹಂಡೆಯನ್ನು ರಾತ್ರೋರಾತ್ರಿ ಬಾವಿಗೆ ಇಳಿಬಿಟ್ಟಳು. "ನೀರು ಕಾಯ್ಸೂ ಹಂಡೆ ನೀರೊಳಗೇ ತಣ್ಣಗೆ ಕೂತಿತ್ತು. ಮನೆಯೋರು ಒಂದು ವರ್ಷ ತಣ್ಣೀರು ಮಿಂದ್ರು. ಪೊಲೀಸ್ರಿಗೆ ಒಂದು ಚೊಂಬೂ ಸಿಗ್ಲಿಲ್ಲ."

ಇನ್ನೊಂದು ತಿರುವಿನಲ್ಲಿ ಅವರ ಅತ್ತೆ ಮಂಜಿಯ ಕಥೆ. ಆಗಿನ್ನೂ ಹೊಸ ಮದುವೆಯ ಹುಡುಗಿ. ಹೋರಾಟಗಾರರ ಗುಪ್ತ ಪತ್ರಿಕೆಗಳನ್ನು ಬಾಳೆ ಎಲೆಯಲ್ಲಿ ಸುತ್ತಿ, ಮೇಲೆ ಒಣ ಶೆಟ್ಲಿ ಹರಡಿ, ಮನೆಮನೆಗೆ ಮುಟ್ಟಿಸುತ್ತಿದ್ದಳಂತೆ. ಒಮ್ಮೆ ಇದೇ ತಿರುವಿನಲ್ಲಿ ಪೊಲೀಸಿನವ ಬುಟ್ಟಿ ಇಳಿಸು ಎಂದ. ಆ ಸಿಗಡಿಯ ಘಾಟು ಬಲ್ಲವರೇ ಬಲ್ಲರು. "ಇಳಿಸ್ದಳು. ಅವ ಮೂಗು ಮುಚ್ದ. ಅದರ ಸಂಗ್ತಿಗೆ ಕಣ್ಣೂ ಮುಚ್ದ," ಎಂದು ಕಾಶಿ ಮೂಗು ಹಿಡಿದು, ಕಣ್ಣು ಮುಚ್ಚಿ ತೋರಿಸುತ್ತಾರೆ.

ಇಸವಿ ಕೇಳಿದರೆ ಮಾತ್ರ ಕೈ ಎತ್ತಿಬಿಡುತ್ತಾರೆ. ಅದಕ್ಕೆ ನಾಗಶ್ರೀ ಇದ್ದಾರೆ. ಕಾರವಾರದಲ್ಲಿ ಹೈಸ್ಕೂಲು ಶಿಕ್ಷಕಿಯಾಗಿರುವ ಇವರೇ ನಡಿಗೆಯನ್ನು ಶುರು ಮಾಡಿದವರು. ಪೂಜಗೇರಿಯ ಉಪ್ಪುನೀರು ತಂದು ನಡೆಸಿದ ಅಂಕೋಲೆಯ ಉಪ್ಪಿನ ಸತ್ಯಾಗ್ರಹ, ಆಮೇಲಿನ ಕರನಿರಾಕರಣೆ, ಚಲೇಜಾವ್, ಎಲ್ಲದರ ಇಸವಿ ಅವರ ಪಾಲಿನದು. "ಅಕ್ಕೋರು ಕಂಬ ನೆಡ್ತ್ರು, ನಾ ಚಪ್ಪರ ಹಾಕ್ತೆ," ಎನ್ನುವುದು ಕಾಶಿಯವರ ಲೆಕ್ಕಾಚಾರ.

ನಾಗಶ್ರೀ ಅವರದು ಚೆಂಡಿಯಾ ಕಡೆಯ ಮನೆತನ. ನೌಕಾನೆಲೆಗೆ ಊರ ಜಮೀನು ಹೋದಾಗ ಮನೆ ಬಿಟ್ಟು ಪುನರ್ವಸತಿ ಕಾಲೊನಿಗೆ ಬಂದವರು. "ನನ್ನೂರಿನ ಕಥೆ ಹೇಳ್ತಾ ನಡೀವಾ ಅಂದ್ರೆ ಅಲ್ಲಿ ಈಗ ನಮ್ಮ ಓಣಿಯೇ ಇಲ್ಲ," ಎನ್ನುತ್ತಾರೆ. "ಇಲ್ಲಿ ಓಣಿ ಇದೆ, ಬಾವಿ ಇದೆ, ಮನೆಯವರೂ ಇದ್ದಾರೆ. ಇರುವಾಗಲೇ ನಡೀಬೇಕು ಅನ್ನಿಸ್ತು." ಒಮ್ಮೆ ಅಂಕೋಲೆಯ ಪೇಟೆಯಲ್ಲಿ ಮೀನು ಕೊಳ್ಳುವಾಗ ಕಾಶಿಯವರ ಬಾಯಿಂದ ಮಂಜಿಯ ಕಥೆ ಕೇಳಿ, ಅಲ್ಲೇ ಹಿಡಿದು ಹಾಕಿದರು.

ಕಾಶಿಯವರಿಗೂ ಆಗ ಅದು ಬೇಕಾಗಿತ್ತು. ಗಂಡ ಕಾಯಿಲೆ ಬಿದ್ದು ತೀರಿಕೊಂಡ ಮೇಲೆ ಮಗಳು ಚಂದನಾಳನ್ನು ಓದಿಸಿ ದಡ ಸೇರಿಸಿದ್ದು ಇದೇ ಬುಟ್ಟಿ. ಆದರೆ ಈಗ ಬೈಕಿನ ಹಿಂದೆ ಐಸ್ ಪೆಟ್ಟಿಗೆ ಕಟ್ಟಿಕೊಂಡು, ಪೋಂ ಪೋಂ ಎನ್ನುತ್ತ ಮೀನು ಮಾರುವ ಹುಡುಗರು ಬಂದಿದ್ದಾರೆ. ನಡೆದು ಮಾರುವವರ ಗಿರಾಕಿ ಮನೆಗಳು ಒಂದೊಂದಾಗಿ ಕೈತಪ್ಪುತ್ತಿವೆ. "ಹಾರ್ನಿಗೆ ಮನೆಯೋರ ಹೆಸ್ರು ಗೊತ್ತಿರ್ತದಾ?" ಎಂದು ಕಾಶಿ ಕೇಳುತ್ತಾರೆ. ಕೇಳುವಾಗ ನಗುತ್ತಾರೆ, ಆದರೂ ಆ ಸಂಕಟ ನಿಜದ್ದೇ.

ಇಲ್ಲಿ ಒಂದು ಪದ್ಧತಿಯನ್ನು ಹೇಳಬೇಕು. ಮೀನು ಮಾರುವ ಹೆಂಗಸರಲ್ಲಿ ಓಣಿ ಎನ್ನುವುದು ಅತ್ತೆಯಿಂದ ಸೊಸೆಗೆ ಬರುವ ಆಸ್ತಿ. ಸೊಸೆ ಒಂದಷ್ಟು ದಿನ ಅತ್ತೆಯ ಹಿಂದೆ ನಡೆಯುತ್ತಾಳೆ. ಈ ಮನೆಗೆ ನೊಗಲಿ ಮೀನೇ ಆಗಬೇಕು, ಆ ಮನೆಯ ಮುಂದೆ ಸೋಮವಾರ ಮೀನು ಎಂದು ಕೂಗಬಾರದು, ಅಲ್ಲಿ ಬಾಣಂತಿ ಇದ್ದಾಳೆ, ಹೀಗೆ ಮನೆಮನೆಯ ನಾಲಿಗೆಯನ್ನು ಅತ್ತೆ ದಾಟಿಸುತ್ತಾಳೆ. ಕಾಶಿಯವರು ಮಂಜಿಯ ಹಿಂದೆ ನಡೆದದ್ದೂ ಹೀಗೆಯೇ. ಮಾವಿನ ಮರದ ಪಕ್ಕದ ಹೆಂಚಿನ ಮನೆ ಬಂದಾಗ ಮಾತ್ರ ಮಂಜಿಯ ಹೆಜ್ಜೆ ಬಿರುಸಾಯಿತು. "ಇಲ್ಲಿ ಕೂಗೂಕಿಲ್ಲ," ಎಂದಳು. ಯಾಕೆಂದು ಹೇಳಲಿಲ್ಲ. ಅತ್ತೆಯ ಮಾತಿಗೆ ಯಾಕೆ ಎಂದು ಕೇಳುವ ಕಾಲ ಅದಾಗಿರಲಿಲ್ಲ.

ಕಾಶಿ ತಮಗೆ ತೋಚಿದ ಅರ್ಥ ಕಟ್ಟಿಕೊಂಡರು: ಈ ಮನೆಯವರು ಮೀನು ತಿನ್ನುವುದಿಲ್ಲ. ಮೂವತ್ತು ವರ್ಷ ಹತ್ತಿರ ಹತ್ತಿರ ಅದೇ ಗೇಟಿನ ಮುಂದೆ ಬಾಯಿ ಮುಚ್ಚಿ ನಡೆದರು. ಒಂದೇ ಒಂದು ಸಂಶಯ ಕಾಡುತ್ತಿತ್ತಂತೆ. "ಅವ್ರ ಪಾಗಾರದ ಮೇಲೆ ಒಂದು ಬೆಕ್ಕು ಕೂತಿರ್ತಿತ್ತು. ಹಲಸಿನ ಹಣ್ಣಿನಷ್ಟು ದಪ್ಪ. ಬರೀ ಅನ್ನ ಮಜ್ಜಿಗೆ ತಿಂದು ಬೆಕ್ಕು ಹಿಂಗೆ ಆಗ್ತದಾ ಅಂತ ನಂಗೆ ದಿನಾ ಆಶ್ಚರ್ಯ."

ನಡಿಗೆ ಶುರುವಾಗುವ ಮುಂಚೆ ಇಬ್ಬರೇ ಒಮ್ಮೆ ಓಣಿ ನಡೆದು ನೋಡಿದರು. ಆ ದಿನ ನಾಗಶ್ರೀ ಒಂದು ಸಂಗತಿ ಹೇಳಿದರು. ಕರ ಕೊಡದವರ ಜಮೀನನ್ನು ಸರಕಾರ ಹರಾಜು ಹಾಕಿದಾಗ, ಕೊಂಡವರ ಮೇಲೆ ಊರು ಬಹಿಷ್ಕಾರ ಹಾಕುತ್ತಿತ್ತು. ಕ್ಷೌರದವನು ಬರುತ್ತಿರಲಿಲ್ಲ, ಅಗಸ ಬರುತ್ತಿರಲಿಲ್ಲ, ಮೀನಿನವಳು ಕೂಗುತ್ತಿರಲಿಲ್ಲ. ಈ ಓಣಿಯಲ್ಲೂ ಹಾಗೆ ಒಂದು ಮನೆ ಇತ್ತಂತೆ, ಯಾವುದೋ ತಿಳಿಯದು.

ಕಾಶಿ ನಿಂತಲ್ಲೇ ನಿಂತರು. "ಅಕ್ಕೋರೇ, ಯಾವ ಮನೆ ಅಂತ ನಂಗೆ ಗೊತ್ತು. ನಾ ಇನ್ನೂ ಕೂಗ್ತಾ ಇಲ್ಲ."

ಜಮೀನು ಎಂದೋ ಮೊದಲಿನವರಿಗೆ ಮರಳಿತ್ತು. ಕ್ಷೌರದವನೂ ಅಗಸನೂ ಎಂದೋ ಹಿಂದಿರುಗಿದ್ದರು. ಕಳೆದುಕೊಂಡವರ, ಕೊಂಡವರ ಮನೆತನಗಳ ನಡುವೆ ಹೆಣ್ಣು ಕೊಟ್ಟು ತಂದದ್ದೂ ಆಗಿತ್ತು. ದೇಶ ಸ್ವತಂತ್ರವಾಗಿ ಅರವತ್ತು ವರ್ಷವಾಗುತ್ತ ಬಂದರೂ ಮೀನಿನ ಬುಟ್ಟಿಯಲ್ಲಿ ಮಾತ್ರ ಬಹಿಷ್ಕಾರ ತಾಜಾ ಇತ್ತು. ಮಂಜಿಗೆ ದ್ವೇಷವೇ ಎಂದು ಕೇಳಿದರೆ ಕಾಶಿ ಅಲ್ಲವೆಂದು ತಲೆಯಾಡಿಸುತ್ತಾರೆ. "ಅವಳಿಗೆ ಯಾರ ಮೇಲೂ ಸಿಟ್ಟಿಲ್ಲಾಗಿತ್ತು. ಕೂಗ್ಬೇಡಿ ಅಂತ ಹೇಳೂಕೆ ಊರೇ ಬಂದಿತ್ತು. ಸಾಕು, ಇನ್ನು ಕೂಗಿ ಅಂತ ಹೇಳೂಕೆ ಒಬ್ರೂ ಬರ್ಲಿಲ್ಲ."

ಅಲ್ಲಿಂದ ಕಾಶಿಯವರ ನೆಮ್ಮದಿ ಹೋಯಿತು. ಈ ಮನೆಯ ಕಥೆ ಹೇಳದಿದ್ದರೆ ನಡಿಗೆ ಅರ್ಧ. ಗೇಟಿನ ಹೊರಗೆ ನಿಂತು ಹೇಳಿದರೆ, ಒಳಗೆ ಅಡುಗೆ ಮಾಡುತ್ತಿರುವವರ ಮಾನ ತೆಗೆದಂತೆ. ಒಂದು ಇಡೀ ವರ್ಷ ಬಂದವರನ್ನು ಆ ಮನೆಯ ಮುಂದೆ ದಡದಡ ದಾಟಿಸಿದರು, ಥೇಟ್ ಮಂಜಿಯ ಹಾಗೆ. ಈ ಮನೆ ಯಾರದು ಎಂದು ಮಕ್ಕಳು ಕೇಳಿದರೆ, "ಮುಂದೆ ಹೋಗ್ವಾ, ಬಿಸ್ಲಾಯ್ತು." ಕೂಗೋಣವೆಂದರೆ ಭಯ. ಈಗ ನೆನಪಾಯಿತಾ ಎಂದು ಬಾಗಿಲು ಹಾಕಿಕೊಂಡರೆ?

ಹೋದ ವರ್ಷ ಮಳೆಗಾಲ ಮುಗಿದು ದೋಣಿಗಳು ಮತ್ತೆ ಕಡಲಿಗಿಳಿದಾಗ ಬಂಗಡೆ ಭರ್ಜರಿ ಬಿತ್ತು. ಆ ಬೆಳಿಗ್ಗೆ ಕಾಶಿ ಬೇರೆ ಯಾವ ಮನೆಗೂ ಹೋಗದೆ ಸೀದಾ ಹೆಂಚಿನ ಮನೆಯ ಗೇಟಿಗೆ ಬಂದು ಬುಟ್ಟಿ ಇಳಿಸಿದರು. "ಇಡೀ ಓಣಿಗೆ ಕೇಳೂ ದನಿ ನಂದು, ಅವತ್ತು ಮಾತ್ರ ಬಂಗ್ಡೆ ಅಂತ ಹೇಳೂಕೆ ಹೋದ್ರೆ ಬರೀ ಗಾಳಿ." ಎರಡನೆಯ ಸಲಕ್ಕೆ ದನಿ ಬಂತು.

ಒಳಗಿನಿಂದ ವೈಜಯಂತಿ ನಾಯಕ ಬಂದರು. ಜಮೀನು ಕೊಂಡವರ ಮೊಮ್ಮಗನ ಹೆಂಡತಿ, ಕಾಶಿಗಿಂತ ಹತ್ತು ವರ್ಷ ಹಿರಿಯರು. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಮೆಟ್ಟಿಲ ಮೇಲೆ ನಿಂತು ನೋಡಿದರು. ಬುಟ್ಟಿ ನೋಡಿದರು, ಕಾಶಿಯವರ ಮುಖ ನೋಡಿದರು. ಆಮೇಲೆ, "ತಾಜಾ ಉಂಟಾ?" ಎಂದರು.

"ಈಗ ದೋಣಿಂದ ಇಳ್ದದ್ದು ಅಮ್ಮಾ." ಕಾಶಿಯವರಿಗೆ ತಡೆಯಲಾಗಲಿಲ್ಲ. "ಇಷ್ಟು ವರ್ಷ ನೀವು ಮೀನು ತಿನ್ನೂದಿಲ್ಲ ಅಂತ ತಿಳ್ಕಂಡಿದ್ದೆ."

"ನಿಮಗೆ ನಮ್ಮ ಮೇಲಿನ ಸಿಟ್ಟು ಇಳೀಲಿಲ್ಲ ಅಂತ ನಾನು ತಿಳ್ಕಂಡಿದ್ದೆ," ಎಂದರು ವೈಜಯಂತಿ. "ನೀನು ದಾಟಿ ಹೋದ ಮೇಲೆ ನಮ್ಮನೆಯೋರು ಚೀಲ ಹಿಡ್ಕಂಡು ಪೇಟೆಗೆ ಹೋಗ್ತಿದ್ರು. ಮಳೆ ಬರ್ಲಿ, ಜ್ವರ ಬರ್ಲಿ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಗತೊಡಗಿದರು. ನಕ್ಕು ನಕ್ಕು ವೈಜಯಂತಿ ಮೆಟ್ಟಿಲ ಮೇಲೆ ಕುಳಿತೇ ಬಿಟ್ಟರಂತೆ. ಕಾಶಿಯವರಿಗೆ ನಗುವಿನೊಳಗೇ ಅಳು ಬಂತಂತೆ. ಈ ಸಂದಿನಲ್ಲಿ ಬೆಕ್ಕು ಒಂದು ಬಂಗಡೆ ಹೊತ್ತೊಯ್ದದ್ದನ್ನು ಯಾರೂ ನೋಡಲಿಲ್ಲ. ಬೋಣಿಯಾದದ್ದು ಅದೇ.

ಕಥೆ ಹೇಳಬಹುದೇ ಎಂದು ಕಾಶಿ ಕೇಳಿದಾಗ ಮಾತ್ರ ವೈಜಯಂತಿಯವರ ಮುಖ ಚಿಕ್ಕದಾಯಿತು. ನಾಲ್ಕು ದಿನ ಮೀನು ಕೊಂಡರು, ಆ ಮಾತು ಎತ್ತಲಿಲ್ಲ. ಐದನೆಯ ದಿನ ತಾವೇ ಹೇಳಿದರು: "ಹೇಳು. ಆದ್ರೆ ಗೇಟಿನ ಹೊರಗೆ ನಿಂತು ಹೇಳ್ಬೇಡ. ಜಗ್ಲಿ ಮೇಲೆ ಕೂತು ಹೇಳು. ನಾನೂ ಇರ್ತೆ."

ಈಗ ನಡಿಗೆ ಮುಗಿಯುವುದು ಆ ಜಗಲಿಯ ಮೇಲೆ. ಬಂದವರಿಗೆ ಬೆಲ್ಲ, ನೀರು. ಕಾಶಿ ಊರಿನ ಪಾಲು ಹೇಳುತ್ತಾರೆ, ವೈಜಯಂತಿ ಮನೆಯ ಪಾಲು. ಬೆಂಕಿ ಕೇಳಿದರೂ ಯಾರೂ ಕೊಡದ ದಿನಗಳಲ್ಲಿ ಒಲೆಯ ಕೆಂಡ ಆರದಂತೆ ಸರದಿಯಲ್ಲಿ ಕಾದ ಹೆಂಗಸರ ಕಥೆ ಯಾವ ಭಾಷಣದಲ್ಲೂ ಬಂದದ್ದಲ್ಲ. "ಅಜ್ಜ ಆ ಜಮೀನು ಹೆದ್ರಿ ತಕಂಡ್ರೋ, ಆಸೆಗೆ ತಕಂಡ್ರೋ, ನಮಗೂ ಗೊತ್ತಿಲ್ಲ," ಎಂದು ವೈಜಯಂತಿ ಇಂದೂ ಹೇಳುತ್ತಾರೆ. ನಡುನಡುವೆ ಇಬ್ಬರೂ ಒಬ್ಬರ ಮಾತನ್ನು ಇನ್ನೊಬ್ಬರು ತಿದ್ದುತ್ತಾರೆ, ಜಗಳವಾಡುತ್ತಾರೆ, ಮತ್ತೆ ನಗುತ್ತಾರೆ. ನೋಡುತ್ತಿದ್ದರೆ ಮನಸ್ಸು ತುಂಬುತ್ತದೆ.

ಹೊರಡುವ ಮುಂಚೆ, ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಕಾಶಿ ಖಾಲಿ ಬುಟ್ಟಿಯನ್ನು ಮಗುಚಿ ನೀರು ಬಸಿಯುತ್ತಾರೆ. ಚಂದನಾ ಬಿಣಗಾದಲ್ಲಿ ಕೆಲಸಕ್ಕಿದ್ದಾಳೆ, ಬುಟ್ಟಿ ಹೊರುವವಳಲ್ಲ. ಕೇಣಿಯ ಹೊಸ ಸೊಸೆ ಹೊನ್ನಿ ಎಂಬವಳು, ಓಣಿ ಕಲಿಸಿ ಎಂದು ಹಿಂದೆ ಬಿದ್ದಿದ್ದಾಳಂತೆ. ದೀಪಾವಳಿ ಕಳೆದ ಮೇಲೆ ಕರೆದುಕೊಂಡು ಬರುವುದೆಂದು ಮಾತಾಗಿದೆ.

"ಬೇರೆ ಎಂತಾ ಆಸೆ?" ಎನ್ನುತ್ತಾರೆ ಕಾಶಿ, ಸಿಂಬಿ ಕೊಡವಿ ಸೊಂಟಕ್ಕೆ ಸಿಕ್ಕಿಸುತ್ತ. "ಅವಳು ನನ್ನ ಹಿಂದೆ ನಡೀವಾಗ ನಾ ಒಂದು ಮನೆ ಮುಂದೂ ಬಿರುಸಾಗಿ ಹೋಗೂದಿಲ್ಲ. ಈ ಓಣೀಲಿ ಕೂಗ್ಬಾರದು ಅನ್ನೂ ಮನೆ ಈಗ ಒಂದೂ ಇಲ್ಲ."