ಸೊಣ್ಣಪ್ಪ ಬಿಸಿಲಿಗೆ ಹಿಡಿದ ಎಕ್ಸ್-ರೇ

ಎದೆಯ ಎಕ್ಸ್-ರೇಯನ್ನು ಸೊಣ್ಣಪ್ಪ ಮೊದಲು ನನಗೆ ತೋರಿಸಲಿಲ್ಲ, ಗುರುತೇ ಇಲ್ಲದ ಒಬ್ಬ ಮೇಡಂಗೆ ತೋರಿಸಿದ. ಇಪ್ಪತ್ತಾರು ವರ್ಷ ನನ್ನ ಬೋರ್‌ವೆಲ್ ಲಾರಿಯಲ್ಲಿ ದುಡಿದವನು. ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ಕೆಂಪಾಪುರದ ಹಳೇ ಮನೆತನದವನು ಅವನು. ಕೊರೆಯುವಾಗ ಇಪ್ಪತ್ತಡಿಗೆ ಒಂದು ರಾಡ್ ಇಳಿಯುತ್ತದೆ. ರಾಡ್ ಬದಲಿಸುವಾಗಲೆಲ್ಲ ಮೇಲೆ ಬಂದ ಕಲ್ಲಿನ ಪುಡಿಯನ್ನು ಒಂದೊಂದು ಹಿಡಿ ತೆಗೆದು ಸಾಲಾಗಿ ಗುಡ್ಡೆ ಇಡುತ್ತಿದ್ದ. ಮೂಸುತ್ತಿದ್ದ, ನಾಲಗೆಗೆ ತಾಗಿಸುತ್ತಿದ್ದ. ಅದಕ್ಕೇ ಮೂಗಿಗೆ ಬಟ್ಟೆ ಕಟ್ಟುತ್ತಿರಲಿಲ್ಲ. ಕಟ್ಟು ಎಂದು ನಾನೂ ಹೇಳಲಿಲ್ಲ. ಇನ್ನೆರಡು ರಾಡಿಗೆ ನೀರು ಎಂದನೆಂದರೆ ಬಹುತೇಕ ಬರುತ್ತಿತ್ತು.

ಹೋದ ಬೇಸಿಗೆಯಲ್ಲಿ ಹೆಬ್ಬಾಳದಾಚೆ ಒಂದು ವಿಜ್ಞಾನ ಸಂಸ್ಥೆಯ ಕಾಂಪೌಂಡಿನಲ್ಲಿ ಕೊರೆಯುತ್ತಿದ್ದೆವು. ಟೀ ಹೊತ್ತಿಗೆ ಕಂಪ್ರೆಸರ್ ನಿಲ್ಲಿಸಿದಾಗ ಅಲ್ಲಿ ಕೆಲಸ ಮಾಡುವ ಹರ್ಷಿತಾ ಎಂಬ ಮೇಡಂ ಬಂದು ಗುಡ್ಡೆಗಳ ಸಾಲು ನೋಡುತ್ತಾ ನಿಂತರು. ತಾನೂ ಭೂಮಿಯ ಒಳಗನ್ನೇ ಓದುವುದು ಎಂದರು.

"ಎಷ್ಟಡಿ ಓಯ್ತೀರ ಮೇಡಂ?" ಅಂದ ಸೊಣ್ಣಪ್ಪ.

"ನಡುಮಧ್ಯದವರೆಗೂ. ಆರು ಸಾವಿರ ಕಿಲೋಮೀಟರ್ ಚಿಲ್ಲರೆ."

"ಅಷ್ಟೊಂದು ರಾಡು ಯಾರ್ ಕೊಡ್ತಾರೆ ನಿಮ್ಗೆ?"

ಮೇಡಂ ನಕ್ಕರು. "ಕೊರಿಯೋದೇ ಇಲ್ಲ. ನ್ಯೂಟ್ರಿನೋ ಅಂತ ಕಣ ಇದೆ. ಆಚೆ ಕಡೆ ಆಕಾಶದಲ್ಲಿ ಹುಟ್ಟಿ, ಭೂಮಿ ತೂರ್ಕೊಂಡು ಈಚೆ ಬರುತ್ತೆ. ತುಂಬಾ ಜೋರಾಗಿ ಬರೋವು ಮಾತ್ರ, ದಟ್ಟ ಇರೋ ಕಡೆ ಒಂದಷ್ಟು ಸಿಕ್ಕಾಕ್ಕೊಳ್ತವೆ. ಎಷ್ಟು ಬರ್ಲಿಲ್ಲ ಅಂತ ಎಣಿಸಿದ್ರೆ ಒಳಗೆ ಎಲ್ಲೆಲ್ಲಿ ದಟ್ಟ ಅಂತ ಗೊತ್ತಾಗುತ್ತೆ. ಎದೆ ಎಕ್ಸ್-ರೇ ತೆಗೀತಾರಲ್ಲ, ಹಂಗೆ."

ಸೊಣ್ಣಪ್ಪ ಲಾರಿ ಸೀಟಿನ ಹಿಂದಿನಿಂದ ಒಂದು ಕವರ್ ತಂದು, ಒಳಗಿನ ಫಿಲ್ಮನ್ನು ಬಿಸಿಲಿಗೆ ಹಿಡಿದ. ಎರಡೂ ಕಡೆ ಬಿಳಿ ಚುಕ್ಕೆ.

"ಇದ್ರಲ್ಲಿ ಎಲ್ಲಿ ಸಿಕ್ಕಾಕ್ಕೊಂಡೈತೆ?"

"ನಾನು ಡಾಕ್ಟರ್ ಅಲ್ಲಪ್ಪ."

"ಬಿಳೀದಾ?"

ಮೇಡಂ ಹೌದೆಂದು ತಲೆಯಾಡಿಸಿದರು.

"ಅಂಗಾದ್ರೆ ಡಾಕ್ಟ್ರು ಸುಳ್ಳೇಳಿಲ್ಲ. ಒಳಗೆಲ್ಲಾ ಕಲ್ ಪುಡಿ ಅಂದ್ರು. ನಾನೇ ನಂಬ್ನಿಲ್ಲ."

"ಲೇ, ಯಾವಾಗ ತೆಗೆಸಿದ್ಯೋ?" ಎಂದೆ.

"ಯುಗಾದಿಗೆ ಮುಂಚೆ. ನಿಮ್ಗೇಳಿದ್ರೆ ಕೂಗಾಡ್ತೀರ ಗೌಡ್ರೇ."

ಕೂಗಾಡಿದೆ, ಅಲ್ಲೇ, ಮೇಡಂ ಎದುರಿಗೇ. ಅವನು ಉಳಿದ ರಾಡುಗಳಿಗೂ ಗುಡ್ಡೆ ಇಟ್ಟು ಮನೆಗೆ ಹೋದ. ಮರುದಿನದಿಂದ ಕೆಲಸಕ್ಕೆ ಬರಲಿಲ್ಲ.

ತಿಂಗಳ ಮೇಲೆ ನಮ್ಮ ಮನೆಗೆ ಬಂದ. ಎರಡು ಮೆಟ್ಟಿಲಿಗೊಮ್ಮೆ ನಿಂತು ಉಸಿರು ಎಳೆದುಕೊಳ್ಳುತ್ತಿದ್ದ. ಧೂಳಿನ ಕೆಲಸ ಎಷ್ಟು ವರ್ಷ, ಯಾರ ಬಳಿ ಎಂದು ಓನರ್ ಬರೆದುಕೊಟ್ಟರೆ ಕಾಯಿಲೆಗೆ ಸರ್ಟಿಫಿಕೇಟ್ ಆಗುತ್ತದೆ, ಮುಂದಿನ ಔಷಧಿ ಸರ್ಕಾರದ ಕಡೆಯಿಂದ ನಡೆಯುತ್ತದೆ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರಂತೆ. ಬಟ್ಟೆ ಯಾಕೆ ಕಟ್ಟಿಸಲಿಲ್ಲ ಎಂದು ನನ್ನನ್ನೇ ಹಿಡಿಯುತ್ತಾರೆ ಎಂದು ಹೆದರಿದೆ. ನಾಳೆ ಬಾ ಎಂದೆ. ಇನ್ನೊಮ್ಮೆ ಬಂದ, ಆಗಲೂ ಅದನ್ನೇ ಹೇಳಿದೆ. ಮೂರನೇ ಸಲ ಅವನ ಹೆಂಡತಿ ಮುನಿಶಾಮಮ್ಮ ಬಂದಳು. ಅವಳ ಮೇಲೂ ರೇಗಿದೆ.

ದೀಪಾವಳಿ ಕಳೆದು ಎಂಟನೇ ದಿನ ಸೊಣ್ಣಪ್ಪ ತೀರಿಕೊಂಡ. ಮಣ್ಣಿಗೆ ಹೋಗಿದ್ದೆ. ಆ ಕಾಗದ ನಾನು ಬರೆದುಕೊಡಲೇ ಇಲ್ಲ.