ಮೂವತ್ತೊಂದು ಹೆಜ್ಜೆ

ಗೇಟು ತೆರೆಯಲು ಇನ್ನೂ ಅರ್ಧ ಗಂಟೆಯಿದೆ. ನದಿಗಿಳಿಯುವ ಹಳೆಯ ಕಲ್ಲುಮೆಟ್ಟಿಲ ಬುಡದಲ್ಲಿ ಗಿಡ್ಡನೆಯ ಹೆಂಗಸೊಬ್ಬರು ಬಿದಿರುಕೋಲನ್ನು ಮರಳ ಮೇಲೆ ಮಲಗಿಸಿ, ಎತ್ತಿ, ಮತ್ತೆ ಮುಂದಕ್ಕೆ ಮಲಗಿಸಿ ಎಣಿಸುತ್ತಿದ್ದಾರೆ. ಮಾತಾಡಿಸಲು ಹೋದ ನನಗೆ ಕೈಸನ್ನೆಯಲ್ಲೇ ಬಾಯಿ ಮುಚ್ಚು ಎನ್ನುತ್ತಾರೆ. ಹತ್ತೊಂಬತ್ತಕ್ಕೆ ನಿಂತು ಮರಳನ್ನು ಅಂಗೈಯಿಂದ ಮುಟ್ಟಿ ನೋಡುತ್ತಾರೆ. ಅದರಡಿ ಆಮೆಯ ಮೊಟ್ಟೆಗಳಿವೆ.

ಈ ಪುರಾತನ ಉದ್ಯಾನಕ್ಕೆ ಭಾನುವಾರ ಎರಡು ಸಾವಿರ ಜನ ಬರುತ್ತಾರೆ. ದೋಣಿ ಹತ್ತುತ್ತಾರೆ, ಜಿಂಕೆ ನೋಡುತ್ತಾರೆ, ಮರಳಲ್ಲಿ ಚೆಂಡಾಡುತ್ತಾರೆ. ಕಸ ಗುಡಿಸುವ ಈ ‘ಆಮೆಯಮ್ಮ’ ಯಾರ ಕಣ್ಣಿಗೂ ಬೀಳುವುದಿಲ್ಲ. ಮೊಟ್ಟೆಯಿಟ್ಟ ಜಾಗಕ್ಕೆ ಗುರುತು ನೆಟ್ಟರೆ ಕೆದಕಿ ನೋಡುವವರೇ ಹೆಚ್ಚು. ಹಾಗಾಗಿ ಇವರ ಗಂಡ, ಇಲ್ಲಿನ ಕಾವಲುಗಾರ, ಇಪ್ಪತ್ತಾರು ವರ್ಷ ಎಲ್ಲವನ್ನೂ ಹೆಜ್ಜೆಲೆಕ್ಕದಲ್ಲಿ ತಲೆಯಲ್ಲೇ ಇಟ್ಟುಕೊಂಡಿದ್ದರು. ಒಮ್ಮೆಯೂ ತಪ್ಪಿರಲಿಲ್ಲ.

ಹೋದ ವರ್ಷ ಅವರು ಆಸ್ಪತ್ರೆ ಸೇರಿದರು. “ಮೆಟ್ಟಿಲಿಂದ ನೇರ ಮೂವತ್ತೊಂದು, ಮರೀಬೇಡ ಅಂದ್ರು. ಮಾರನೇ ದಿನ ಹೋಗ್ಬಿಟ್ರು.” ಹದಿನೈದು ದಿನಕ್ಕೆ ಮೆಟ್ಟಿಲ ಪಕ್ಕದ ದೋಣಿಕಟ್ಟೆಯ ಬಳಿ ಮರಳು ಸಮ ಮಾಡುವ ಯಂತ್ರ ಬಂತು. ಆಮೆಯಮ್ಮ ಮೂವತ್ತೊಂದು ಹೆಜ್ಜೆ ನಡೆದು, ಅಲ್ಲಿ ಸುತ್ತ ಹಗ್ಗ ಕಟ್ಟಿ, ನಿಶ್ಚಿಂತೆಯಿಂದ ಕೂತರು. ಯಂತ್ರ ಹಗ್ಗವನ್ನು ಬಿಟ್ಟು ಆಚೆ ಹೋಯಿತು. ಮೊಟ್ಟೆಗಳಿದ್ದದ್ದು ಆಚೆಯೇ. ಇಪ್ಪತ್ತೆರಡೂ ಹೋದವು.

“ಅವ್ರು ಬಾಗಿಲಿಗೆ ತಲೆ ತಗಲೋ ಆಳು. ನಾನು ಅವ್ರ ಭುಜಕ್ಕೂ ಬರಲ್ಲ. ಸ್ವಲ್ಪ ನಿಧಾನ ನಡೀರಿ ಅಂತ ದಿನಾ ಬೈತಿದ್ದೋಳು ನಾನೇ. ಆವತ್ತು ಅಷ್ಟೂ ಹೊಳೀಲಿಲ್ಲ ನೋಡಿ,” ಎನ್ನುತ್ತಾ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ.

ದೋಣಿಕಟ್ಟೆಯ ದಾರಿಯ ಸಿಮೆಂಟು ಹಸಿಯಿದ್ದಾಗ ಗಂಡ ತುಳಿದು ಬೈಸಿಕೊಂಡ ನಾಲ್ಕು ಹೆಜ್ಜೆಗಳು ಇನ್ನೂ ಅಲ್ಲಿವೆ. ಆ ಅಂತರಕ್ಕೆ ಸರಿಯಾಗಿ ಈ ಕೋಲನ್ನು ಕತ್ತರಿಸಿದ್ದು. ಆ ವಾರವೇ ಇದರಿಂದ ಮೂವತ್ತೊಂದು ಅಳೆದರಂತೆ. ಕೋಲಿನ ತುದಿ ಒಡೆದ ಚಿಪ್ಪುಗಳ ಮೇಲೆಯೇ ಹೋಗಿ ನಿಂತಿತು. ಈ ವರ್ಷದ ನಾಲ್ಕು ಜಾಗಗಳೂ ಇದೇ ಕೋಲಿನ ಲೆಕ್ಕದಲ್ಲಿವೆ.

ಕಚೇರಿಯ ದಾಖಲೆ ಪುಸ್ತಕದಲ್ಲಿ ಮಾತ್ರ ‘ಕಾವಲುಗಾರನ ಲೆಕ್ಕ ತಪ್ಪಿ ಮೊಟ್ಟೆ ನಾಶ’ ಎಂದಿದೆ. ಅದನ್ನು ತಿದ್ದಿಸಲು ಇವರು ಆರು ಸಲ ಅಲೆದಿದ್ದಾರೆ. ಹೋದವರಿಗೆ ಏನಾಗಬೇಕಮ್ಮ ಎಂದು ಅಲ್ಲಿನವರು ಸಾಗಹಾಕಿದ್ದಾರೆ.

ಗೇಟು ತೆರೆದ ಸದ್ದು ಕೇಳಿಸುತ್ತದೆ. ಆಮೆಯಮ್ಮ ಕೋಲನ್ನು ಪೊರಕೆಗಳ ನಡುವೆ ಅಡಗಿಸಿ ಏಳುತ್ತಾರೆ.

“ಅಳಿಸೋದೇನೂ ಬೇಡ. ಕಾವಲುಗಾರನ ಹೆಂಡ್ತಿ ತಪ್ಪು ಅಂತ ಬರೀಲಿ, ಸಾಕು. ಲೆಕ್ಕ ಅವ್ರದ್ದು ಸರಿಯಾಗೇ ಇತ್ತು. ಹೆಜ್ಜೆ ನಂದು.”